ಹೊಳೆ ದಂಡೆಯ ವಿಜ್ಞಾನಿ ಹಂಫ್ರಿ ಡೇವಿ

ಮಕ್ಕಳೇ, ಸೋಡಿಯಂ ಎಂಬ ಲೋಹದ ಹೆಸರನ್ನು ನೀವು ಕೇಳಿರುತ್ತೀರಿ. ನಾವು ದಿನವೂ ಬಳಸುವ ಅಡುಗೆ ಉಪ್ಪಿನಲ್ಲಿ ಅದು ಅಡಗಿದೆ. ನಿಮ್ಮ ಹಲ್ಲು, ಮೂಳೆಗಳಲ್ಲಿರುವ ಕ್ಯಾಲ್ಸಿಯಂ ಕೂಡ ಒಂದು ಲೋಹವೇ. ಈ ಎರಡೂ ಲೋಹಗಳನ್ನು ಮೊತ್ತಮೊದಲು ಬೇರ್ಪಡಿಸಿ ಜಗತ್ತಿಗೆ ತೋರಿಸಿದವನು ಇಂಗ್ಲೆಂಡಿನ ಹಂಫ್ರಿ ಡೇವಿ. ಕಲ್ಲಿದ್ದಲು ಗಣಿಯ ಕಾರ್ಮಿಕರಿಗೆ ಸುರಕ್ಷಾ ದೀಪ ಮಾಡಿಕೊಟ್ಟವನೂ ಅವನೇ. ಅವನ ಬಗ್ಗೆ ಓದುವಾಗ ಗಾಜಿನ ಕೊಳವೆ, ಬ್ಯಾಟರಿ, ದೀಪ ಇವೇ ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಚಿಕ್ಕಂದಿನಿಂದ ಕೊನೆಯವರೆಗೂ ಡೇವಿ ಕೈಬಿಡದ ಇನ್ನೊಂದು ಉಪಕರಣವಿತ್ತು. ಯಾವುದು ಗೊತ್ತೇ? ಗಾಳದ ಕೋಲು!

ಹೌದು, ಡೇವಿಗೆ ಮೀನು ಹಿಡಿಯುವ ಹುಚ್ಚು. ಅದರಲ್ಲೂ ಬೆಟ್ಟದ ತಣ್ಣನೆಯ ಹೊಳೆಗಳಲ್ಲಿರುವ ಟ್ರೌಟ್ ಎಂಬ ಮೀನು ಎಂದರೆ ಪ್ರಾಣ. ಹೊಳೆ ದಂಡೆಯಲ್ಲಿ ಅಲೆಯುತ್ತಾ ಆತ ಕಂಡದ್ದು, ಯೋಚಿಸಿದ್ದು ಏನು? ಆ ಕಥೆಯನ್ನು ಈಗ ನೋಡೋಣ.

ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಪ್ರದೇಶವಿದೆ. ಅಲ್ಲಿನ ಪೆನ್ಜಾನ್ಸ್ ಎಂಬ ಸಮುದ್ರ ತೀರದ ಊರಿನಲ್ಲಿ 1778ರ ಡಿಸೆಂಬರ್ 17ರಂದು ಡೇವಿ ಹುಟ್ಟಿದ. ಐದು ಮಕ್ಕಳಲ್ಲಿ ಅವನೇ ದೊಡ್ಡವನು. ತಂದೆ ಮರದ ಕೆತ್ತನೆ ಕೆಲಸ ಮಾಡುತ್ತಿದ್ದರು. ಶಾಲೆಯ ಪಾಠಕ್ಕಿಂತ ಹೊರಗಿನ ಓಡಾಟವೇ ಹುಡುಗನಿಗೆ ಇಷ್ಟ. ಜೇಬಿನ ತುಂಬ ಗಾಳದ ಸಾಮಾನು, ಅದರ ಜೊತೆಗೆ ದಾರಿಯಲ್ಲಿ ಸಿಕ್ಕ ಬಣ್ಣಬಣ್ಣದ ಕಲ್ಲು. ಅಜ್ಜಿಯಿಂದ ಕೇಳಿದ ಕಥೆಗಳಿಗೆ ತನ್ನದೂ ಒಂದಷ್ಟು ಸೇರಿಸಿ ಗಾಡಿಯ ಮೇಲೆ ನಿಂತು ಓರಗೆಯ ಹುಡುಗರಿಗೆ ಹೇಳುತ್ತಿದ್ದ. ಮುಂದೆ ದೊಡ್ಡ ಉಪನ್ಯಾಸಕಾರನಾಗಲು ಅದೇ ಅಭ್ಯಾಸವಾಯಿತೇನೋ!

1794ರಲ್ಲಿ ತಂದೆ ತೀರಿಕೊಂಡರು. ಮನೆಯ ಮೇಲೆ ಸಾಲವಿತ್ತು. ತಾಯಿ ಅಂಗಡಿ ಇಟ್ಟು ಸಂಸಾರ ನಡೆಸಿದರು. ಡೇವಿ ಊರಿನ ಒಬ್ಬ ವೈದ್ಯರ ಬಳಿ ಕೆಲಸ ಕಲಿಯಲು ಸೇರಿದ. ಔಷಧಿ ಅರೆಯುವ, ಬೆರೆಸುವ ಕೆಲಸವೇ ಅವನನ್ನು ರಸಾಯನ ವಿಜ್ಞಾನದ ಕಡೆಗೆ ಎಳೆಯಿತು. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಪುಸ್ತಕ ಓದಿ, ಕೈಗೆ ಸಿಕ್ಕ ಪಾತ್ರೆಗಳಲ್ಲೇ ಪ್ರಯೋಗ ಮಾಡಿ ಕಲಿತ.

19ನೇ ವಯಸ್ಸಿಗೆ ಬ್ರಿಸ್ಟಲ್ ನಗರದ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಗಾಳಿ, ಅನಿಲಗಳಿಂದ ರೋಗ ವಾಸಿ ಮಾಡಬಹುದೇ ಎಂದು ಅಲ್ಲಿ ಪರೀಕ್ಷಿಸುತ್ತಿದ್ದರು. ಡೇವಿ ಬೇರೆ ಬೇರೆ ಅನಿಲಗಳನ್ನು ತಾನೇ ಉಸಿರಾಡಿ ನೋಡಿದ! ನಗೆ ಅನಿಲ ಎಂದು ಹೆಸರಾದ ನೈಟ್ರಸ್ ಆಕ್ಸೈಡ್ ಅವುಗಳಲ್ಲಿ ಒಂದು. ಅದು ನೋವನ್ನು ಕಡಿಮೆ ಮಾಡುತ್ತದೆ, ಶಸ್ತ್ರಚಿಕಿತ್ಸೆಗೆ ಉಪಯೋಗವಾಗಬಹುದು ಎಂದು 1800ರಲ್ಲೇ ಬರೆದ. ಆದರೆ ವೈದ್ಯರು ಅದನ್ನು ಬಳಸತೊಡಗಿದ್ದು 1840ರ ದಶಕದಲ್ಲಿ. ಇನ್ನೊಂದು ವಿಷಾನಿಲ ಅವನ ಪ್ರಾಣಕ್ಕೇ ಸಂಚಕಾರ ತಂದಿತ್ತು. ಅದೃಷ್ಟದಿಂದ ಉಳಿದುಕೊಂಡ. ನೀವು ಮಾತ್ರ ಯಾವ ಅನಿಲವನ್ನೂ, ಯಾವ ರಾಸಾಯನಿಕವನ್ನೂ ಹೀಗೆ ಮೂಸಿ ನೋಡಬಾರದು, ತಿಳಿಯಿತೇ?

1801ರಲ್ಲಿ ಲಂಡನ್ನಿನ ರಾಯಲ್ ಇನ್ಸ್‌ಟಿಟ್ಯೂಷನ್ನಿಗೆ ಬಂದ. ಅವನ ಉಪನ್ಯಾಸ ಕೇಳಲು ಎಷ್ಟು ಕುದುರೆಗಾಡಿಗಳು ಬರುತ್ತಿದ್ದವೆಂದರೆ, ಆ ಬೀದಿಯನ್ನು ಒಮ್ಮುಖ ಸಂಚಾರದ ರಸ್ತೆ ಮಾಡಬೇಕಾಯಿತಂತೆ. 1807ರ ಅಕ್ಟೋಬರಿನಲ್ಲಿ ಕರಗಿದ ಪೊಟ್ಯಾಷ್ ಮೂಲಕ ವಿದ್ಯುತ್ ಹರಿಸಿದ. ಬೆಳ್ಳಿಯ ಮಣಿಗಳಂತೆ ಪೊಟ್ಯಾಸಿಯಂ ಹೊರಬಂದು ಭುಗ್ಗೆಂದು ಉರಿಯಿತು. ಡೇವಿ ಕೋಣೆಯ ತುಂಬ ಕುಣಿದಾಡಿದನೆಂದು ಜೊತೆಗಿದ್ದ ಅವನ ಸಂಬಂಧಿ ಹೇಳಿದ್ದಾನೆ. ಕೆಲವೇ ದಿನಗಳಲ್ಲಿ ಸೋಡಿಯಂ ಸಿಕ್ಕಿತು. ಮರುವರ್ಷ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೇರಿಯಂ, ಸ್ಟ್ರಾನ್ಷಿಯಂ. ಕ್ಲೋರಿನ್ ಒಂದು ಧಾತು ಎಂದು 1810ರಲ್ಲಿ ತೋರಿಸಿದ. ಈ ಸಾಧನೆಗಳ ಬಗ್ಗೆ ನಿಮ್ಮ ಶಾಲೆಯ ಗ್ರಂಥಾಲಯದ ಪುಸ್ತಕಗಳಲ್ಲಿ ಓದಬಹುದು. ನಾವು ಹೊಳೆಯ ಕಡೆ ಹೋಗೋಣ.

ಲಂಡನ್ನಿನ ಕೆಲಸಕ್ಕೆ ಬಿಡುವು ಸಿಕ್ಕಿದರೆ ಸಾಕು, ಡೇವಿ ಗಾಳದ ಕೋಲು ಹಿಡಿದು ಹೊರಟುಬಿಡುತ್ತಿದ್ದ. ಅವನ ವೇಷವೂ ವಿಚಿತ್ರವಾಗಿತ್ತು. ದಂಡೆಯ ಹಸಿರಿನಲ್ಲಿ ತಾನು ಮೀನಿಗೆ ಕಾಣಬಾರದೆಂದು ಹಸಿರು ಉಡುಪು. ಅಗಲ ಅಂಚಿನ ಟೋಪಿ. ಟೋಪಿಯ ಸುತ್ತ ಸಿಕ್ಕಿಸಿಕೊಂಡ ಬಗೆಬಗೆಯ ಕೃತಕ ನೊಣಗಳು!

ಕೃತಕ ನೊಣವೇ? ಅದೇನು? ನಮ್ಮ ಕೆರೆಗಳಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸುತ್ತಾರೆ, ಅಲ್ಲವೇ? ಟ್ರೌಟ್ ಹಿಡಿಯುವವರು ಗಾಳದ ಮುಳ್ಳಿಗೆ ಹಕ್ಕಿಯ ಪುಕ್ಕ, ಮೊಲದ ರೋಮ, ರೇಷ್ಮೆ ದಾರ ಸುತ್ತಿ ಹುಳುವಿನಂತೆ ಕಾಣುವ ಬೊಂಬೆ ಮಾಡುತ್ತಾರೆ. ಅದನ್ನು ಉದ್ದನೆಯ ದಾರದಿಂದ ಬೀಸಿ ನೀರಿನ ಮೇಲೆ ಹಗುರವಾಗಿ ಬೀಳಿಸಬೇಕು. ನಿಜವಾದ ಹುಳುವೇ ನೀರಿಗೆ ಬಿದ್ದಿತೆಂದು ಮೀನು ಮೇಲೆ ಬರಬೇಕು. ಬೊಂಬೆ ಚೆನ್ನಾಗಿ ಆಗಬೇಕಾದರೆ ಮೊದಲು ನಿಜವಾದ ಹುಳುವನ್ನು ಚೆನ್ನಾಗಿ ನೋಡಿರಬೇಕು. ಆ ತಿಂಗಳಲ್ಲಿ, ಆ ಹೊಳೆಯಲ್ಲಿ ಯಾವ ಹುಳು ಹಾರುತ್ತಿದೆ? ಅದರ ರೆಕ್ಕೆಯ ಬಣ್ಣ ಯಾವುದು? ಬೆಳಿಗ್ಗೆ ಬರುತ್ತದೆಯೋ ಸಂಜೆಯೋ? ಹೀಗೆ ಗಮನಿಸುತ್ತಾ ಹೋದರೆ ಮೀನು ಹಿಡಿಯುವವನು ಕೀಟಶಾಸ್ತ್ರದ ವಿದ್ಯಾರ್ಥಿಯೇ ಆಗಿಬಿಡುತ್ತಾನೆ.

ವಸಂತ ಕಾಲಿಡುವ ಮಾರ್ಚ್, ಏಪ್ರಿಲ್ ತಿಂಗಳುಗಳೆಂದರೆ ಇದಕ್ಕೆ ಬಹಳ ಒಳ್ಳೆಯ ಕಾಲ. ನಮಗೆ ಅದು ಬಿಸಿಲಿನ ಕಾಲ. ಅಲ್ಲಿ ಹಾಗಲ್ಲ. ಬೆಟ್ಟದ ನೆತ್ತಿಯಲ್ಲಿ ಇನ್ನೂ ಹಿಮ ಇರುತ್ತದೆ. ಹೊಳೆಯ ನೀರಿಗೆ ಕೈ ಇಟ್ಟರೆ ಬೆರಳು ಮರಗಟ್ಟುತ್ತದೆ. ಮರಗಳು ಇನ್ನೂ ಬೋಳು. ಚಳಿಗಾಲವೆಲ್ಲ ಅರೆಹೊಟ್ಟೆಯಲ್ಲಿದ್ದ ಟ್ರೌಟ್ ಮೀನುಗಳು ಸೊರಗಿರುತ್ತವೆ. ಮಧ್ಯಾಹ್ನ ಸ್ವಲ್ಪ ಬಿಸಿಲು ಬಂದ ಹೊತ್ತಿಗೆ ನೀರಿನೊಳಗಿನ ಕಲ್ಲುಗಳ ಕೆಳಗೆ ಬೆಳೆದಿದ್ದ ಮೇಫ್ಲೈ ಮುಂತಾದ ಕೀಟಗಳ ಮರಿಗಳು ಮೇಲಕ್ಕೆ ಬಂದು, ಸಿಪ್ಪೆ ಕಳಚಿ, ರೆಕ್ಕೆ ಬಿಚ್ಚಿ ಹಾರತೊಡಗುತ್ತವೆ. ಹಸಿದ ಮೀನುಗಳಿಗೆ ಅದೇ ಹಬ್ಬ! ನೀರಿನ ಮೇಲೆ ಅಲ್ಲಲ್ಲಿ ಉಂಗುರ ಏಳುತ್ತವೆ. ಒಂದೆರಡು ಗಂಟೆಯಲ್ಲಿ ಎಲ್ಲ ಮುಗಿದು ಹೊಳೆ ಮತ್ತೆ ಸುಮ್ಮನಾಗುತ್ತದೆ. ಆ ಒಂದೆರಡು ಗಂಟೆಗಾಗಿ ದಿನವೆಲ್ಲ ದಂಡೆಯಲ್ಲಿ ಅಲೆಯಬೇಕು. ಹಾಗೆ ಅಲೆಯುವವನಿಗೆ ಹಕ್ಕಿ, ಹೂವು, ಮೋಡ, ಗಾಳಿ ಎಲ್ಲವೂ ಕಣ್ಣಿಗೆ ಬೀಳುತ್ತವೆ. (ನಮ್ಮ ಮಲೆನಾಡಿನ ತೊರೆಗಳಲ್ಲೂ ಮೇಫ್ಲೈ ಮರಿಗಳಿವೆ. ದೊಡ್ಡವರ ಜೊತೆ ಹೋದಾಗ ನೀರು ಕಡಿಮೆ ಇರುವ ಕಡೆ ಒಂದು ಕಲ್ಲನ್ನು ಮೆಲ್ಲಗೆ ಎತ್ತಿ ಅಡಿಭಾಗ ನೋಡಿ. ಚಪ್ಪಟೆ ಮೈ, ಹಿಂದೆ ಕೂದಲಿನಂತಹ ಎರಡು ಅಥವಾ ಮೂರು ಬಾಲ ಇರುವ ಪುಟ್ಟ ಹುಳು ಕಾಣಬಹುದು. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಿ.)

ಸುರಕ್ಷಾ ದೀಪದ ಕಥೆಗೂ ಡೇವಿಯ ಈ ಅಲೆದಾಟಕ್ಕೂ ಒಂದು ನಂಟಿದೆ. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ಸ್ಫೋಟವಾಗಿ 92 ಮಂದಿ ಸತ್ತರು. ಅವರಲ್ಲಿ ನಿಮ್ಮ ವಯಸ್ಸಿನ ಹುಡುಗರೂ ಇದ್ದರು. ಗಣಿಯಲ್ಲಿ ಸೇರಿಕೊಳ್ಳುವ ಮೀಥೇನ್ ಅನಿಲಕ್ಕೆ ದೀಪದ ಕಿಡಿ ತಾಗಿ ಇಂತಹ ಅನಾಹುತಗಳಾಗುತ್ತಿದ್ದವು. 1815ರಲ್ಲಿ ಡೇವಿ ಸ್ಕಾಟ್ಲೆಂಡಿನಲ್ಲಿ ರಜೆಯಲ್ಲಿದ್ದಾಗ, ಇದಕ್ಕೆ ಏನಾದರೂ ಉಪಾಯ ಹುಡುಕಬೇಕೆಂಬ ಪತ್ರ ಅವನಿಗೆ ತಲುಪಿತು. ಲಂಡನ್ನಿಗೆ ಮರಳುವ ದಾರಿಯಲ್ಲೇ ಆಗಸ್ಟ್ ತಿಂಗಳಲ್ಲಿ ಗಣಿ ಪ್ರದೇಶಕ್ಕೆ ಹೋಗಿ ವಿಚಾರಿಸಿದ. ಗಣಿಯ ಅನಿಲವನ್ನು ಸೀಸೆಗಳಲ್ಲಿ ತುಂಬಿಸಿ ತರಿಸಿಕೊಂಡ. ಸಣ್ಣ ಸಣ್ಣ ರಂಧ್ರಗಳ ಮೂಲಕ ಬೆಂಕಿ ದಾಟಲಾರದು ಎಂಬುದನ್ನು ಕಂಡುಕೊಂಡ. ಏಕೆಂದರೆ ಲೋಹ ಬಿಸಿಯನ್ನು ಹೀರಿಕೊಂಡು ಜ್ವಾಲೆಯನ್ನು ತಣಿಸುತ್ತದೆ. ದೀಪದ ಸುತ್ತ ಸೂಕ್ಷ್ಮ ತಂತಿ ಬಲೆ ಹೊದಿಸಿದ. 1816ರ ಜನವರಿಯಲ್ಲಿ ಗಣಿಯೊಳಗೇ ಪರೀಕ್ಷೆ ನಡೆದು ದೀಪ ಗೆದ್ದಿತು. ಜಾರ್ಜ್ ಸ್ಟೀಫನ್‌ಸನ್ ಎಂಬ ಎಂಜಿನಿಯರ್ ಕೂಡ ಅದೇ ಸಮಯದಲ್ಲಿ ಸ್ವತಂತ್ರವಾಗಿ ಒಂದು ದೀಪ ಮಾಡಿದ್ದ. ಯಾರು ಮೊದಲು ಎಂಬ ಜಗಳವೂ ಆಯಿತು. ಅದೇನೇ ಇರಲಿ, ಡೇವಿ ತನ್ನ ದೀಪಕ್ಕೆ ಪೇಟೆಂಟ್ ಪಡೆಯಲಿಲ್ಲ. ಪಡೆದಿದ್ದರೆ ಬಹಳ ಹಣ ಬರುತ್ತಿತ್ತು.

ಹೊಳೆಗೆ ಅವನ ಜೊತೆ ಹೋಗುತ್ತಿದ್ದವರಲ್ಲಿ ಪಲ್ಲಾಡಿಯಂ, ರೋಡಿಯಂ ಲೋಹಗಳನ್ನು ಕಂಡುಹಿಡಿದ ವಿಲಿಯಂ ವೊಲಾಸ್ಟನ್ ಕೂಡ ಒಬ್ಬ. ಬಹಳ ಗಂಭೀರ ಮನುಷ್ಯ. ಅವನಿಗೂ ಡೇವಿ ಮೀನು ಹಿಡಿಯುವ ಹುಚ್ಚು ಹತ್ತಿಸಿಬಿಟ್ಟ. ಇಬ್ಬರು ದೊಡ್ಡ ರಸಾಯನ ವಿಜ್ಞಾನಿಗಳು ಕೋಲು ಹಿಡಿದು ನೀರನ್ನೇ ನೋಡುತ್ತಾ ನಿಂತಿರುವುದನ್ನು ಊಹಿಸಿಕೊಳ್ಳಿ!

1820ರಲ್ಲಿ ಡೇವಿ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಹಿಂದೆ ನ್ಯೂಟನ್ ಕುಳಿತಿದ್ದ ಪೀಠ ಅದು. ಆದರೆ ಆ ವರ್ಷಗಳು ಅವನಿಗೆ ಸುಖದ ವರ್ಷಗಳಾಗಲಿಲ್ಲ. ಹಡಗುಗಳ ತಳಕ್ಕೆ ಹೊದಿಸುತ್ತಿದ್ದ ತಾಮ್ರದ ತಗಡು ಸಮುದ್ರದ ನೀರಿನಲ್ಲಿ ಬೇಗ ಸವೆಯುತ್ತಿತ್ತು. ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿದರೆ ಸವೆತ ನಿಲ್ಲುತ್ತದೆ ಎಂದು ಡೇವಿ 1824ರಲ್ಲಿ ತೋರಿಸಿದ. ತಾಮ್ರವೇನೋ ಸವೆಯಲಿಲ್ಲ. ಆದರೆ ಅದರ ಮೇಲೆ ಪಾಚಿ, ಚಿಪ್ಪಿನ ಜೀವಿಗಳು ದಟ್ಟವಾಗಿ ಅಂಟಿಕೊಂಡು ಹಡಗಿನ ವೇಗವೇ ಕುಗ್ಗಿತು! ಎಲ್ಲರೂ ಅವನನ್ನು ಟೀಕಿಸಿದರು. ಆ ವರ್ಷಗಳಲ್ಲೇ ಡೇವಿ ತನಗೆ ಶೋಭೆ ತರದ ಒಂದು ಕೆಲಸವನ್ನೂ ಮಾಡಿದ. ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಬಡ ಹುಡುಗ ಮೈಕೆಲ್ ಫ್ಯಾರಡೆಯನ್ನು 1813ರಲ್ಲಿ ಸಹಾಯಕನಾಗಿ ಸೇರಿಸಿಕೊಂಡು ಬೆಳೆಸಿದವನು ಡೇವಿಯೇ. ಆ ಫ್ಯಾರಡೆ ರಾಯಲ್ ಸೊಸೈಟಿಯ ಸದಸ್ಯನಾಗುವ ಸಂದರ್ಭ ಬಂದಾಗ ಅದನ್ನು ವಿರೋಧಿಸಿದವನೂ ಡೇವಿಯೇ. ಫ್ಯಾರಡೆ ಆಯ್ಕೆಯಾದ, ಅದು ಬೇರೆ ಮಾತು. ದೊಡ್ಡ ವಿಜ್ಞಾನಿಯ ಮನಸ್ಸು ಯಾವಾಗಲೂ ದೊಡ್ಡದಾಗಿಯೇ ಇರುತ್ತದೆ ಎನ್ನಲಾಗದು.

1826ರ ಕೊನೆಯಲ್ಲಿ ಡೇವಿಗೆ ಪಾರ್ಶ್ವವಾಯು ಬಡಿಯಿತು. ಆಗ ಅವನಿಗೆ ಬರೀ 48 ವರ್ಷ. ಮೈಯ ಒಂದು ಭಾಗ ಸ್ವಾಧೀನ ತಪ್ಪಿತು. ನಾಜೂಕಾದ ಗಾಜಿನ ಉಪಕರಣಗಳನ್ನು ಹಿಡಿದು ಪ್ರಯೋಗ ಮಾಡುವುದು ಇನ್ನೆಲ್ಲಿ ಸಾಧ್ಯ? 1827ರ ಜನವರಿಯಲ್ಲಿ, ಮೂಳೆ ಕೊರೆಯುವ ಚಳಿಯಲ್ಲೇ, ವೈದ್ಯನಾಗಿದ್ದ ತಮ್ಮ ಜಾನ್ ಡೇವಿ ಅವನನ್ನು ಇಟಲಿಗೆ ಕರೆದುಕೊಂಡು ಹೋದ. ಅದೇ ವರ್ಷ ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಗೆ ಡೇವಿ ರಾಜೀನಾಮೆ ಕೊಟ್ಟ.

ಆದರೆ ಗಾಳದ ಕೋಲನ್ನು ಮಾತ್ರ ಬಿಡಲಿಲ್ಲ! ಸ್ವಲ್ಪ ಚೇತರಿಸಿಕೊಂಡೊಡನೆ, ವಸಂತ ಬರುತ್ತಿದ್ದಂತೆ, ಆಲ್ಪ್ಸ್ ಪರ್ವತಗಳ ಕಡೆ ಹೊರಟ. ಮರುವರ್ಷ 1828ರ ಮಾರ್ಚ್ ಕೊನೆಯಲ್ಲಿ ಇಂಗ್ಲೆಂಡ್ ಬಿಟ್ಟು ಮತ್ತೆ ಅದೇ ಬೆಟ್ಟಗಳಿಗೆ ಹೋದ. ಜೊತೆಯಲ್ಲಿ ಟೋಬಿನ್ ಎಂಬ ತರುಣ ವೈದ್ಯ ವಿದ್ಯಾರ್ಥಿ ಇದ್ದ. ಆಸ್ಟ್ರಿಯಾದ ಟ್ರೌನ್ ನದಿ, ಈಗ ಸ್ಲೊವೇನಿಯಾ ದೇಶದಲ್ಲಿರುವ ಸಾವಾ ನದಿ, ಇವು ಡೇವಿಗೆ ಅಚ್ಚುಮೆಚ್ಚು. ಶಕ್ತಿ ಇದ್ದ ದಿನ ಹೊಳೆಗೆ ಇಳಿಯುತ್ತಿದ್ದ. ಸಂಜೆ ಟೋಬಿನ್ ಪುಸ್ತಕ ಓದಿ ಹೇಳುತ್ತಿದ್ದ. ಲುಬ್ಲಿಯಾನಾ ಊರಿನಲ್ಲಿ ಅವನು ತಂಗುತ್ತಿದ್ದ ವಸತಿಗೃಹದ ಮಾಲೀಕರ ಮಗಳು ಜೋಸೆಫೀನ್ ಕಾಯಿಲೆಯ ಡೇವಿಯನ್ನು ಅಕ್ಕರೆಯಿಂದ ನೋಡಿಕೊಂಡಳು.

ಸಾವಾ ನದಿಯ ಒಂದು ಕವಲು ಹುಟ್ಟುವ ಜಾಗ ಪೊಡ್ಕೊರೆನ್ ಎಂಬ ಹಳ್ಳಿಯ ಬಳಿ ಇದೆ. ನೆಲದೊಳಗಿನ ನೀರು ಬಿಳಿ ಕೆಸರಿನ ಮೂಲಕ ಗುಳುಗುಳು ಎಂದು ಉಕ್ಕಿ ಹಸಿರು ಬಣ್ಣದ ಕೊಳವಾಗುತ್ತದೆ. ಆ ನೀರಿನ ತಾಪಮಾನ ವರ್ಷವಿಡೀ 5ರಿಂದ 6 ಡಿಗ್ರಿ ಸೆಲ್ಸಿಯಸ್. ಸುತ್ತ ಹಿಮ ಬಿದ್ದಿದ್ದರೂ ಕೊಳ ಹೆಪ್ಪುಗಟ್ಟುವುದಿಲ್ಲ. ಡೇವಿ ಮನಸೋತ ಜಾಗ ಇದು. ಆ ಹಳ್ಳಿಯಲ್ಲಿ ಅವನು ಉಳಿದುಕೊಂಡಿದ್ದ ಮನೆಯ ಗೋಡೆಯಲ್ಲಿ ಅವನ ನೆನಪಿನ ಫಲಕವಿದೆ.

ಇಷ್ಟು ತಣ್ಣನೆಯ ನೀರೇ ಟ್ರೌಟ್ ಮೀನಿಗೆ ಏಕೆ ಬೇಕು? ನೀವೇ ಒಂದು ಸಣ್ಣ ವೀಕ್ಷಣೆ ಮಾಡಿ. ಅಮ್ಮ ನೀರು ಕಾಯಿಸಲು ಇಟ್ಟಾಗ ಪಾತ್ರೆಯನ್ನು ಗಮನಿಸಿ. ನೀರು ಕುದಿಯುವುದಕ್ಕಿಂತ ಎಷ್ಟೋ ಮೊದಲೇ ಪಾತ್ರೆಯ ಒಳಮೈಯಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತವೆ. ಅವು ಎಲ್ಲಿಂದ ಬಂದವು? ನೀರಿನಲ್ಲಿ ಕರಗಿದ್ದ ಗಾಳಿಯೇ ಹಾಗೆ ಹೊರಬರುತ್ತಿದೆ! ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಗಾಳಿ ಕಡಿಮೆ. 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಮೀನು ಕಿವಿರುಗಳಿಂದ ಉಸಿರಾಡುವುದು ಕರಗಿರುವ ಈ ಆಮ್ಲಜನಕವನ್ನೇ. ನಮ್ಮ ಕೆರೆಯ ಮೀನುಗಳು ಬೆಚ್ಚನೆಯ ನೀರಿಗೆ ಹೊಂದಿಕೊಂಡಿವೆ. ಟ್ರೌಟ್ ಹಾಗಲ್ಲ, ಅದಕ್ಕೆ ಆಮ್ಲಜನಕ ಹೇರಳವಾಗಿರಬೇಕು. ಕಲ್ಲುಗಳ ಮೇಲೆ ಧುಮುಕಿ ನೊರೆಯಾಗಿ ಹರಿಯುವ ತಣ್ಣನೆಯ ನೀರಿನಲ್ಲಿ ಅದು ಸಿಗುತ್ತದೆ.

ಟ್ರೌಟ್ ಮೊಟ್ಟೆ ಇಡುವುದೂ ವಿಶೇಷವೇ. ಚಳಿಗಾಲದ ಹೊತ್ತಿಗೆ ತಾಯಿ ಮೀನು ಹೊಳೆಯ ಮೇಲ್ಭಾಗಕ್ಕೆ ಈಜಿ ಹೋಗುತ್ತದೆ. ಬಾಲದಿಂದ ಜಲ್ಲಿಕಲ್ಲುಗಳನ್ನು ಕೆದಕಿ ಗುಳಿ ಮಾಡಿ, ಮೊಟ್ಟೆ ಇಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಜಲ್ಲಿಯ ಸಂದುಗಳಲ್ಲಿ ಹರಿಯುವ ನೀರಿನಿಂದ ಮೊಟ್ಟೆಗಳಿಗೆ ಆಮ್ಲಜನಕ ಸಿಗುತ್ತದೆ. ವಸಂತದ ಹೊತ್ತಿಗೆ ಮರಿಗಳು ಹೊರಬರುತ್ತವೆ. ಈ ಮೊಟ್ಟೆಗಳಿಗೆ ಗಾಳಿ ಬೆರೆತ ಹರಿಯುವ ನೀರು ಬೇಕೇ ಬೇಕು ಎಂಬುದನ್ನು ಡೇವಿ ಚೆನ್ನಾಗಿ ಅರಿತಿದ್ದ. ಜರ್ಮನಿಯ ಯಾಕೋಬಿ ಎಂಬಾತ ಜಲ್ಲಿ ಹಾಸಿದ ಪೆಟ್ಟಿಗೆಯಲ್ಲಿ ನೀರು ಹರಿಸಿ ಟ್ರೌಟ್ ಮರಿ ಮಾಡಿಸಿದ್ದ ಪ್ರಯೋಗವನ್ನು ಆಸಕ್ತಿಯಿಂದ ವಿವರಿಸಿದ.

ಎಲ್ಲಿ ವಿವರಿಸಿದ? ತಾನು ಬರೆದ ಮೀನಿನ ಪುಸ್ತಕದಲ್ಲಿ! ಕಾಯಿಲೆಯ ದಿನಗಳಲ್ಲಿ ಡೇವಿ ಬರೆದ ಆ ಪುಸ್ತಕದ ಹೆಸರು ಸಾಲ್ಮೋನಿಯಾ. ಅದು 1828ರಲ್ಲಿ ಪ್ರಕಟವಾಯಿತು. ನಾಲ್ಕು ಮಂದಿ ಗೆಳೆಯರು ಹೊಳೆ ದಂಡೆಯಲ್ಲಿ ಮಾತನಾಡುತ್ತಾ ಹೋಗುವ ರೀತಿಯಲ್ಲಿ ಅದನ್ನು ಬರೆದಿದ್ದಾನೆ. ಒಬ್ಬ ಮೀನು ಹಿಡಿಯುವುದರಲ್ಲಿ ಪಳಗಿದವನು, ಒಬ್ಬನಿಗೆ ಹಕ್ಕಿಗಳ ಮೇಲೆ ಪ್ರೀತಿ, ಒಬ್ಬ ಕವಿ ಮನಸ್ಸಿನವನು, ಇನ್ನೊಬ್ಬ ಎಲ್ಲದಕ್ಕೂ ಕಾರಣ ಕೇಳುವವನು. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಮ್ಯಾಗ್‌ಪೈ ಹಕ್ಕಿಯ ವಿಚಾರ. ಅದನ್ನು ನಿಮಗೆ ಹೇಳಲೇಬೇಕು.

ಮ್ಯಾಗ್‌ಪೈ ಕಪ್ಪು ಬಿಳುಪು ಬಣ್ಣದ, ಉದ್ದ ಬಾಲದ ಹಕ್ಕಿ. ಕಾಗೆಯ ಬಳಗಕ್ಕೆ ಸೇರಿದ್ದು. (ನಮ್ಮ ಮಡಿವಾಳ ಹಕ್ಕಿಗೆ ಇಂಗ್ಲಿಷಿನಲ್ಲಿ ಮ್ಯಾಗ್‌ಪೈ ರಾಬಿನ್ ಎಂಬ ಹೆಸರಿದ್ದರೂ ಅದು ಬೇರೆ.) ಒಂಟಿ ಮ್ಯಾಗ್‌ಪೈ ಕಂಡರೆ ಅಪಶಕುನ, ಜೋಡಿ ಕಂಡರೆ ಶುಭಶಕುನ ಎಂದು ಇಂಗ್ಲೆಂಡಿನ ಜನ ನಂಬಿದ್ದರು. ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ, ಹಲ್ಲಿ ಲೊಚಗುಟ್ಟಿದರೆ ಹೇಳುವುದಿಲ್ಲವೇ, ಹಾಗೆ. ಮೀನು ಹಿಡಿಯುವವರೂ ವಸಂತದಲ್ಲಿ ಜೋಡಿ ಮ್ಯಾಗ್‌ಪೈ ಕಂಡರೆ ಒಳ್ಳೆಯದೆನ್ನುತ್ತಿದ್ದರು. ಡೇವಿ ಇದನ್ನು ನಂಬಲೂ ಇಲ್ಲ, ನಕ್ಕು ಬಿಡಲೂ ಇಲ್ಲ. ಹಕ್ಕಿಗಳು ಏನು ಮಾಡುತ್ತಿವೆ ಎಂದು ಯೋಚಿಸಿದ. ವಸಂತದ ಆರಂಭದಲ್ಲಿ ಗೂಡಿನಲ್ಲಿ ಮೊಟ್ಟೆ ಅಥವಾ ಮರಿ ಇರುತ್ತವೆ. ಚಳಿ ಗಾಳಿ ಜೋರಾಗಿದ್ದರೆ ಒಂದು ಹಕ್ಕಿ ಗೂಡಿನಲ್ಲೇ ಕುಳಿತು ಅವುಗಳನ್ನು ಬೆಚ್ಚಗಿಡಬೇಕು. ಇನ್ನೊಂದು ಮಾತ್ರ ಆಹಾರಕ್ಕೆ ಬರುತ್ತದೆ. ಹವೆ ಬೆಚ್ಚಗೆ, ಹಿತವಾಗಿದ್ದ ದಿನ ಎರಡೂ ಹಕ್ಕಿಗಳು ಒಟ್ಟಿಗೆ ಹೊರಗೆ ಬರಬಹುದು. ಬೆಚ್ಚಗಿನ ದಿನವೇ ನೀರಿನಿಂದ ಕೀಟಗಳು ಏಳುತ್ತವೆ, ಟ್ರೌಟ್ ಮೇಲೆ ಬರುತ್ತದೆ. ಶಕುನವೂ ಇಲ್ಲ, ಮಾಯವೂ ಇಲ್ಲ. ಹಕ್ಕಿಗೂ ಮೀನಿಗೂ ನಡುವೆ ಇದ್ದದ್ದು ಆ ದಿನದ ಹವೆ! ಹಾಗೆಂದು ಎಲ್ಲ ಶಕುನಗಳ ಹಿಂದೆಯೂ ಒಂದು ಕಾರಣ ಇರುತ್ತದೆ ಎಂದುಕೊಳ್ಳಬೇಡಿ. ಬೆಕ್ಕು ಅಡ್ಡ ಬರುವುದಕ್ಕೂ ನಿಮ್ಮ ಪರೀಕ್ಷೆಯ ಅಂಕಗಳಿಗೂ ನಂಟು ಹುಡುಕಿದರೆ ಏನೂ ಸಿಗುವುದಿಲ್ಲ.

ಬೆಳಗಿನ ಕಾಮನಬಿಲ್ಲು ಮಳೆಯ ಸೂಚನೆ ಎಂಬ ಅಲ್ಲಿನ ಗಾದೆಗೂ ಅವನು ಕಾರಣ ಕೊಟ್ಟಿದ್ದಾನೆ. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿರುತ್ತಾನೆ. ಕಾಮನಬಿಲ್ಲು ಸೂರ್ಯನ ಎದುರು ದಿಕ್ಕಿನಲ್ಲಿ, ಅಂದರೆ ಪಶ್ಚಿಮದಲ್ಲಿ ಕಾಣುತ್ತದೆ. ಅಲ್ಲಿ ಮಳೆ ಹನಿಯುತ್ತಿದೆ ಎಂದಾಯಿತು. ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಆ ಮಳೆ ನಮ್ಮ ಕಡೆಗೇ ಬರಲಿದೆ! ಸಂಜೆಯ ಕಾಮನಬಿಲ್ಲು ಯಾವ ದಿಕ್ಕಿನಲ್ಲಿರುತ್ತದೆ? ಆ ಮಳೆ ಎತ್ತ ಹೋಗುತ್ತದೆ? ನೀವೇ ಯೋಚಿಸಿ ಹೇಳಿ.

ಪುಸ್ತಕದ ಎಲ್ಲ ಮಾತುಗಳೂ ಸರಿ ಎನ್ನುವಂತಿಲ್ಲ. ಗಾಳಕ್ಕೆ ಸಿಕ್ಕಿದ ಮೀನಿಗೆ ನೋವಾಗುವುದಿಲ್ಲವೇ? ಇದು ಕ್ರೌರ್ಯವಲ್ಲವೇ? ಈ ಪ್ರಶ್ನೆಯನ್ನು ಆಗಲೇ ಹಲವರು ಕೇಳುತ್ತಿದ್ದರು. ಪುಸ್ತಕದ ಗೆಳೆಯರೂ ಇದನ್ನು ಚರ್ಚಿಸುತ್ತಾರೆ. ಮೀನಿಗೆ ನೋವು ಅಷ್ಟಾಗಿ ತಿಳಿಯದು ಎಂಬ ಕಡೆಗೇ ಡೇವಿಯ ಒಲವು. ಆದರೆ 2003ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿಗಳು ರೇನ್‌ಬೋ ಟ್ರೌಟ್ ಮೀನಿನ ಮುಖ, ತುಟಿಗಳ ಸುತ್ತ ಗಾಯವನ್ನು ಗುರುತಿಸುವ ನರತುದಿಗಳನ್ನು ಪತ್ತೆ ಮಾಡಿದರು. ಅಂದರೆ ಡೇವಿ ಅಂದುಕೊಂಡಷ್ಟು ಸರಳ ಅಲ್ಲ ಈ ವಿಷಯ. ಆಹಾರಕ್ಕೆ ಬೇಕಾದರೆ ಹಿಡಿದ ಮೀನನ್ನು ನರಳಿಸದೆ ಕೂಡಲೇ ಕೊಲ್ಲಬೇಕು, ಬೇಡವಾದರೆ ಕೂಡಲೇ ನೀರಿಗೆ ಬಿಡಬೇಕು ಎಂಬುದು ಅವನ ನಿಯಮವಾಗಿತ್ತು. ಇದನ್ನೂ ಹೇಳಬೇಕು.

1828ರ ಶರತ್ಕಾಲದಲ್ಲಿ ಡೇವಿ ಟ್ರಿಯೆಸ್ಟ್ ಎಂಬ ಬಂದರಿಗೆ ಹೋದ. ಮೈಯಲ್ಲಿ ವಿದ್ಯುತ್ ಉತ್ಪಾದಿಸುವ ಟಾರ್ಪೆಡೊ ಎಂಬ ಮೀನು ಅಲ್ಲಿ ಸಿಗುತ್ತಿತ್ತು. ಮೀನಿನ ವಿದ್ಯುತ್ತೂ ಬ್ಯಾಟರಿಯ ವಿದ್ಯುತ್ತೂ ಒಂದೇಯೇ? ತನ್ನ ಜೀವನದ ಎರಡು ಪ್ರೀತಿಗಳಾದ ವಿದ್ಯುತ್ ಮತ್ತು ಮೀನು ಒಂದೇ ಕಡೆ ಸೇರಿದ್ದವು! ಆದರೆ ಕೆಲಸ ಮುಗಿಯಲಿಲ್ಲ. 1829ರ ಫೆಬ್ರವರಿಯಲ್ಲಿ ರೋಮ್ ನಗರದಲ್ಲಿ ಮತ್ತೆ ಪಾರ್ಶ್ವವಾಯು ಬಡಿಯಿತು. ಮಾಲ್ಟಾ ದ್ವೀಪದಲ್ಲಿದ್ದ ತಮ್ಮ ಜಾನ್ ಓಡೋಡಿ ಬಂದ. ಸಾವಿನ ಅಂಚಿನಲ್ಲೂ ಡೇವಿ ತಮ್ಮನೊಡನೆ ಮಾತನಾಡಿದ್ದು ಟಾರ್ಪೆಡೊ ಮೀನಿನ ಪ್ರಯೋಗಗಳ ಬಗ್ಗೆ. ತಾನು ಮಾಡಲಾಗದ್ದನ್ನು ನೀನು ಮಾಡು ಎಂದು ವಹಿಸಿದ. ವಸಂತದಲ್ಲಿ ತುಸು ಸುಧಾರಿಸಿಕೊಂಡು ನಿಧಾನವಾಗಿ ಪ್ರಯಾಣ ಹೊರಟು, ಮೇ 28ರಂದು ಸ್ವಿಟ್ಜರ್ಲೆಂಡಿನ ಜಿನೀವಾ ತಲುಪಿದರು. ಮರುದಿನ ಬೆಳಗಾಗುವಷ್ಟರಲ್ಲಿ ಡೇವಿ ತೀರಿಕೊಂಡಿದ್ದ. ಅವನಿಗೆ 50 ವರ್ಷ. ಅಲ್ಲಿಯೇ ಅವನನ್ನು ಮಣ್ಣು ಮಾಡಿದರು.

ಜಾನ್ ಮಾತು ಉಳಿಸಿಕೊಂಡ. ಟಾರ್ಪೆಡೊ ಮೀನಿನ ಪ್ರಯೋಗಗಳನ್ನು ಮುಂದುವರಿಸಿದ. ಅಣ್ಣನ ಬರಹಗಳನ್ನೆಲ್ಲ ಕೂಡಿಸಿ 1839 ಮತ್ತು 1840ರಲ್ಲಿ 9 ಸಂಪುಟಗಳಾಗಿ ಹೊರತಂದ. ಅವನಿಗೂ ಅಣ್ಣನಂತೆಯೇ ಗಾಳದ ಹುಚ್ಚು! 1850ರ ದಶಕದಲ್ಲಿ ಅವನು ಟ್ರೌಟ್, ಸಾಲ್ಮನ್ ಜಾತಿಯ ಮೀನುಗಳ ಮೊಟ್ಟೆಗಳ ಮೇಲೆ ಪ್ರಯೋಗ ಮಾಡಿದ. ನೀರಿನಿಂದ ಹೊರಗೆ ತೆಗೆದರೂ ತೇವದ ಗಾಳಿಯಲ್ಲಿ ಆ ಮೊಟ್ಟೆಗಳು ಸ್ವಲ್ಪ ಕಾಲ ಜೀವ ಹಿಡಿದಿರುತ್ತವೆ ಎಂದು ತೋರಿಸಿದ. ಈ ವಿಷಯವನ್ನು ಚಾರ್ಲ್ಸ್ ಡಾರ್ವಿನ್‌ಗೆ ಪತ್ರದ ರೂಪದಲ್ಲಿ ತಿಳಿಸಿದ. ಮೀನುಗಳು ಒಂದು ನದಿಯಿಂದ ಇನ್ನೊಂದಕ್ಕೆ ಹೇಗೆ ಹರಡುತ್ತವೆ ಎಂಬುದು ಡಾರ್ವಿನ್‌ಗೂ ಬೇಕಾದ ವಿಷಯವಾಗಿತ್ತು.

1864ರಲ್ಲಿ ನಾರ್ಫೋಕ್ ಎಂಬ ಹಡಗು ಪಾಚಿ ಮತ್ತು ಮಂಜುಗಡ್ಡೆಯ ನಡುವೆ ಇಟ್ಟ ಟ್ರೌಟ್ ಮೊಟ್ಟೆಗಳನ್ನು ಹೊತ್ತು ಇಂಗ್ಲೆಂಡಿನಿಂದ ಹೊರಟು, ಸುಮಾರು ಮೂರು ತಿಂಗಳ ಪ್ರಯಾಣದ ಬಳಿಕ ಆಸ್ಟ್ರೇಲಿಯಾ ತಲುಪಿತು. ಟಾಸ್ಮೇನಿಯಾ ದ್ವೀಪದಲ್ಲಿ ಆ ಮೊಟ್ಟೆಗಳು ಒಡೆದು ಮರಿಗಳು ಬಂದವು. ಮುಂದೆ ಬ್ರಿಟಿಷರು ನಮ್ಮ ನೆರೆಯ ನೀಲಗಿರಿ ಮತ್ತು ಮುನ್ನಾರ್ ಬೆಟ್ಟಗಳ ತೊರೆಗಳಿಗೂ ಟ್ರೌಟ್ ತಂದು ಬಿಟ್ಟರು. ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿರುವುದರಿಂದ ಅಲ್ಲಿನ ನೀರು ಅವುಗಳಿಗೆ ಒಗ್ಗುವಷ್ಟು ತಣ್ಣಗಿದೆ.